ಮರಿಗೊಂದು ಹೆಸರು

ನಮ್ಮ ಕಲಿಕಾ ಕೇಂದ್ರ ಸಂಜೆ ಏಳು ಗಂಟೆಗೆ ಶುರುವಾಗುತ್ತದೆ. ಶಾಲೆಯ ಜಗುಲಿಯೇ ನಮ್ಮ ಕೇಂದ್ರ. ಹೆಂಗಸರು ಹಾಲು ಕರೆದು ಡೈರಿಗೆ ಹಾಕುತ್ತಾರೆ. ಒಲೆ ಮೇಲಿನ ಸಾರು ಇಳಿಸುತ್ತಾರೆ. ಆಮೇಲೆ ಸ್ಲೇಟು ಹಿಡಿದು ಬರುತ್ತಾರೆ. ನಾವೆಲ್ಲ ಕೂಡಿ ಓದುತ್ತೇವೆ, ಬರೆಯುತ್ತೇವೆ. ನಡುವೆ ಊರಿನ ಕಷ್ಟಸುಖವನ್ನೂ ಮಾತಾಡುತ್ತೇವೆ.

ಒಂದು ದಿನ ಮೂಲೆಮನೆ ಅಕ್ಕ ತಡವಾಗಿ ಬಂದರು. ಮುಖ ಬಾಡಿತ್ತು. ಹಿಂದೆಯೇ ಅವರ ಮಗಳು ಬಂದಳು. ಐದನೇ ತರಗತಿಯ ಹುಡುಗಿ. ಅವಳ ಲಂಗದ ಮಡಿಲಲ್ಲಿ ಏನೋ ಮಿಸುಕಾಡುತ್ತಿತ್ತು. ನೋಡಿದರೆ, ಒಂದು ನಾಯಿಮರಿ!

“ಟೀಚರಮ್ಮ, ನೀವೇ ಬುದ್ಧಿ ಹೇಳಿ. ಈ ಮರಿ ನಮ್ಮನೆಗೆ ಬ್ಯಾಡ ಅಂದ್ರೆ ಇವಳು ಕೇಳ್ತಾ ಇಲ್ಲ” ಅಂದರು ಅಕ್ಕ.

“ಯಾರೋ ತಿಪ್ಪೆ ಹತ್ರ ಬಿಟ್ಟೋಗಿದ್ರು ಮಿಸ್. ಹೆಣ್ಣು ಮರಿ ಅಂತ ಯಾರೂ ತಗೊಂಡಿಲ್ಲ. ಗಂಡು ಮರಿಗಳನ್ನೆಲ್ಲ ಎತ್ಕೊಂಡು ಹೋದ್ರು” ಅಂದಳು ಹುಡುಗಿ.

ಜಗುಲಿಯಲ್ಲಿ ಎಲ್ಲರೂ ಸುಮ್ಮನಾದರು. ಕೊನೆಮನೆ ಅಜ್ಜಿ ಎಲೆ ಅಡಿಕೆ ಉಗುಳಿ ಬಂದು, “ಹೆಣ್ಣಾದ್ರೆ ತಿಪ್ಪೆಗೆ. ನಾಯಿಗೂ ಅದೇ ಗತಿ ನೋಡ್ರವ್ವ” ಅಂದರು.

ಅಕ್ಕನ ಭಯ

ಅಕ್ಕನಿಗೆ ಮರಿಯ ಮೇಲೆ ದ್ವೇಷ ಇರಲಿಲ್ಲ. ಭಯ ಇತ್ತು. ಆ ಭಯದ ಕಾರಣವನ್ನು ಅವರು ಅವತ್ತು ನಮಗೆ ಹೇಳಿದರು.

ಮೂವತ್ತು ವರ್ಷದ ಹಿಂದಿನ ಮಾತು. ಅಕ್ಕ ಆಗ ತವರಿನಲ್ಲಿದ್ದ ಸಣ್ಣ ಹುಡುಗಿ. ಅವರಿಗೆ ಏಳು ವರ್ಷದ ತಮ್ಮ ಇದ್ದ. ಬೀದಿಯಲ್ಲಿ ಒಂದು ನಾಯಿಮರಿಯ ಜೊತೆ ಆಡುತ್ತಿದ್ದ. ಅದು ಅವನ ಕೈ ಕಚ್ಚಿತು. “ಮರಿ ಕಚ್ಚಿದ್ದು ತಾನೆ, ಏನಾಗ್ತದೆ?” ಅಂದರು ಹಿರಿಯರು. ಗಾಯಕ್ಕೆ ಸುಣ್ಣ, ಕಾರದ ಪುಡಿ ಹಚ್ಚಿದರು. ತೋಳಿಗೆ ಮಂತ್ರದ ದಾರ ಕಟ್ಟಿಸಿದರು. ಗಾಯ ವಾಸಿಯಾಯಿತು. ಎಲ್ಲರೂ ಮರೆತರು.

ಎರಡು ತಿಂಗಳು ಕಳೆಯಿತು. ಹುಡುಗನಿಗೆ ಜ್ವರ ಬಂತು. ನೀರಿನ ಲೋಟ ಕಂಡರೆ ಬೆದರಿದ. ಗಂಟಲು ಹಿಡಿದುಕೊಂಡಿತು. ಆಸ್ಪತ್ರೆಗೆ ಒಯ್ದರು. ಹೊತ್ತು ಮೀರಿತ್ತು. ಹುಡುಗ ಉಳಿಯಲಿಲ್ಲ.

“ಅವತ್ತಿಂದ ಮರಿ ಕಂಡ್ರೆ ನನ್ನೆದೆ ಹೊಡ್ಕೊಳ್ತದೆ” ಅಂದರು ಅಕ್ಕ.

ನಾವು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಅವತ್ತಿನ ಪಾಠ ಹಾಗೇ ಉಳಿಯಿತು. ಅದರ ಬದಲು ಈ ರೋಗದ ವಿಷಯ ತಿಳಿದುಕೊಂಡೆವು.

ತಿಳಿದುಕೊಳ್ಳೋಣ: ಹುಚ್ಚುನಾಯಿ ರೋಗ

ಈ ರೋಗಕ್ಕೆ ರೇಬೀಸ್ ಎಂದು ಹೆಸರು. ಇದು ಶಾಪ ಅಲ್ಲ, ಗಾಳಿ ಸೋಂಕಲ್ಲ. ಕಣ್ಣಿಗೆ ಕಾಣದ ಒಂದು ವೈರಸ್‌ನಿಂದ ಬರುತ್ತದೆ. ವೈರಸ್ ರೋಗ ಬಂದ ನಾಯಿಯ ಜೊಲ್ಲಿನಲ್ಲಿ ಇರುತ್ತದೆ. ನಾಯಿ ಕಚ್ಚಿದಾಗ ಗಾಯದೊಳಗೆ ಸೇರುತ್ತದೆ. ಗಾಯವಾದ ಕಡೆ ನೆಕ್ಕಿದರೂ ಸೇರಬಹುದು. ಅಲ್ಲಿಂದ ನರದ ದಾರಿ ಹಿಡಿದು ನಿಧಾನವಾಗಿ ಮಿದುಳಿಗೆ ಹೋಗುತ್ತದೆ. ಇದಕ್ಕೆ ಕೆಲವು ವಾರ ಹಿಡಿಯಬಹುದು, ಕೆಲವು ತಿಂಗಳೂ ಹಿಡಿಯಬಹುದು. ಅದಕ್ಕೇ ಜನ ಗಾಯ ವಾಸಿಯಾಯಿತು ಎಂದು ಮೋಸ ಹೋಗುತ್ತಾರೆ.

ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು. ಆದರೆ ಲಕ್ಷಣ ಬರುವ ಮೊದಲೇ ತಡೆಯಬಹುದು. ತಡೆಯುವ ದಾರಿ ನಮ್ಮ ಕೈಯಲ್ಲೇ ಇದೆ.

ಈ ಲಸಿಕೆ ಇವತ್ತಿನದಲ್ಲ. ಫ್ರಾನ್ಸ್ ದೇಶದ ವಿಜ್ಞಾನಿ ಲೂಯಿ ಪಾಶ್ಚರ್ 1885ರ ಜುಲೈ 6ರಂದು ಒಬ್ಬ ಹುಡುಗನಿಗೆ ಇದನ್ನು ಮೊದಲು ಕೊಡಿಸಿದರು. ನಾಯಿ ಕಚ್ಚಿದ್ದ ಆ ಹುಡುಗನಿಗೆ ಆಗ 9 ವರ್ಷ. ಅವನು ಬದುಕಿದ.

ಹಿಂದೆ ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದರು. ಆ ಹೆದರಿಕೆ ಇನ್ನೂ ಜನರಲ್ಲಿದೆ. ಈಗ ಹಾಗಿಲ್ಲ. ಸೂಜಿ ತೋಳಿಗೆ. ಮೊದಲ ದಿನ ಒಂದು ಸಲ. ಅದಾದ 3 ದಿನಕ್ಕೆ, 7 ದಿನಕ್ಕೆ, 28 ದಿನಕ್ಕೆ ಮತ್ತೆ. ಕೆಲವು ಕಡೆ 14ನೇ ದಿನವೂ ಕೊಡುತ್ತಾರೆ. ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟ ದಿನ ತಪ್ಪಿಸಬಾರದು. ಬಸುರಿಯರೂ, ಬಾಣಂತಿಯರೂ, ಹಸುಗೂಸುಗಳೂ ಇದನ್ನು ಹಾಕಿಸಿಕೊಳ್ಳಬಹುದು.

“ಹಂಗಾರೆ ನಾಯಿಗೂ ಸೂಜಿ ಹಾಕ್ತಾರಾ?” ಕೇಳಿದರು ಅಜ್ಜಿ.

ಹಾಕುತ್ತಾರೆ. ನಾಯಿಗೆ ಲಸಿಕೆ ಹಾಕಿಸಿದರೆ ಅದಕ್ಕೆ ರೋಗ ಬರದಂತೆ ಕಾಯುತ್ತದೆ. ಅದರಿಂದ ಮನೆಯವರಿಗೂ, ಬೀದಿಯವರಿಗೂ ಕಾವಲು.

ಅಕ್ಕ ಮಗಳ ಮುಖ ನೋಡಿದರು. ಮರಿಯ ಮುಖ ನೋಡಿದರು. “ಒಂದು ರಾತ್ರಿ ಕೊಟ್ಟಿಗೇಲಿ ಇರ್ಲಿ. ನಾಳೆ ದನದ ಡಾಕ್ಟ್ರಿಗೆ ತೋರಿಸ್ತೀನಿ. ಅವರು ಬ್ಯಾಡ ಅಂದ್ರೆ ಬ್ಯಾಡ” ಅಂದರು.

ಮರಿಗೆ ಏನು ಬೇಕು?

ಮಾರನೆ ದಿನ ಅಕ್ಕ ಮರಿಯನ್ನು ದನದ ಆಸ್ಪತ್ರೆಗೆ ಒಯ್ದರು. ಡಾಕ್ಟರು ಅದರ ಹಲ್ಲು ನೋಡಿದರು. “ಎರಡು ತಿಂಗಳ ಮರಿ. ತಾಯಿ ಬಿಟ್ಟು ಇರಬಲ್ಲದು” ಅಂದರು. ಜಂತುಹುಳಕ್ಕೆ ಔಷಧ ಕುಡಿಸಿದರು. ಮರಿಯ ಹೊಟ್ಟೆಯಲ್ಲಿ ಹುಳ ಇದ್ದರೆ ಅದರ ಹೇಲಿನಿಂದ ಮಕ್ಕಳಿಗೂ ಹರಡಬಹುದು. ಆದ್ದರಿಂದ ಮರಿಯನ್ನು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು.

ಡಾಕ್ಟರು ಇನ್ನೂ ಕೆಲವು ಮಾತು ಹೇಳಿದರು. ಅಕ್ಕ ಬಂದು ನಮಗೆ ಹೇಳಿದರು. ನಾವು ಹಲಗೆಯ ಮೇಲೆ ಬರೆದುಕೊಂಡೆವು.

• ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಊಟ ಕೊಡಿ.
• ಮೆತ್ತಗಿನ ಮುದ್ದೆ, ಮೊಸರನ್ನ, ಬೇಯಿಸಿದ ಮೊಟ್ಟೆ ಕೊಡಬಹುದು.
• ಕಾರದ ಸಾರು, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು, ದ್ರಾಕ್ಷಿ ಕೊಡಬೇಡಿ.
• ಬೇಯಿಸಿದ ಕೋಳಿ ಮೂಳೆ ಹಾಕಬೇಡಿ. ಅದು ಸೀಳಿ ಕರುಳಿಗೆ ಚುಚ್ಚುತ್ತದೆ.
• ಹಸುವಿನ ಹಾಲು ಕೆಲವು ಮರಿಗಳಿಗೆ ಆಗುವುದಿಲ್ಲ. ಭೇದಿಯಾದರೆ ನಿಲ್ಲಿಸಿ.
• ಕುಡಿಯುವ ನೀರು ಯಾವಾಗಲೂ ಇರಲಿ.
• ಮೊದಲ ಕೆಲವು ರಾತ್ರಿ ಮರಿ ಅಳುತ್ತದೆ. ತಾಯಿಯನ್ನು ಹುಡುಕುತ್ತದೆ. ಹೊಡೆಯಬೇಡಿ. ಬೆಚ್ಚಗಿನ ಮೂಲೆಯಲ್ಲಿ ಹಳೆ ಸೀರೆ ಹಾಸಿ.
• ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ ಹಾಕಿಸಿ. ಬೇರೆ ರೋಗಗಳಿಗೂ ಲಸಿಕೆ ಇದೆ. ಡಾಕ್ಟರನ್ನು ಕೇಳಿ.
• ಹೆಣ್ಣು ನಾಯಿ ಎಂದು ಬಿಡಬೇಡಿ. ಮರಿ ಆಗದಂತೆ ಅದಕ್ಕೂ ಆಪರೇಷನ್ ಇದೆ.

ಡಾಕ್ಟರು ಒಂದು ಕಾರ್ಡು ಕೊಟ್ಟಿದ್ದರು. ಅದರಲ್ಲಿ ಲಸಿಕೆಯ ದಿನ ಬರೆಯುತ್ತಾರೆ. ಮೇಲುಗಡೆ “ನಾಯಿಯ ಹೆಸರು” ಎಂದಿತ್ತು. ಮುಂದೆ ಖಾಲಿ.

“ಹೆಸರು ಏನಮ್ಮ ಅಂತ ಕೇಳಿದ್ರು. ಇನ್ನೂ ಇಟ್ಟಿಲ್ಲ ಅಂದೆ. ಹೆಸರಿಟ್ರೆ ಆಮೇಲೆ ಬಿಡಕ್ಕಾಗಲ್ಲ ಟೀಚರಮ್ಮ” ಅಂದರು ಅಕ್ಕ.

ಮೂರನೇ ದಿನ

ಮೂರನೇ ದಿನ ಬೆಳಿಗ್ಗೆ ಹುಡುಗಿ ಮರಿಯ ಬಾಯಿಂದ ಚಪ್ಪಲಿ ಎಳೆದಳು. ಮರಿ ಆಟಕ್ಕೆಂದು ಕಚ್ಚಿತು. ಮರಿಯ ಹಲ್ಲು ಸೂಜಿಯ ಹಾಗೆ ಇರುತ್ತದೆ. ಬೆರಳಿನಿಂದ ಎರಡು ಹನಿ ರಕ್ತ ಬಂತು.

ಬಾಗಿಲಲ್ಲಿದ್ದ ಅತ್ತೆ ಅರಿಶಿನ ತರಲು ಒಳಗೆ ಓಡಿದರು. ಪಕ್ಕದ ಮನೆಯವರು “ಮರಿ ಕಣವ್ವ, ಏನೂ ಆಗಲ್ಲ” ಅಂದರು. ಅಕ್ಕನಿಗೆ ಕೈಕಾಲು ನಡುಗಿತು. ಮೂವತ್ತು ವರ್ಷದ ಹಿಂದಿನ ಅದೇ ಮಾತು!

ಆದರೆ ಈ ಸಲ ಅಕ್ಕನಿಗೆ ಏನು ಮಾಡಬೇಕೆಂದು ಗೊತ್ತಿತ್ತು.

“ಅತ್ತೆ, ಅರಿಶಿನ ಬ್ಯಾಡ. ಸೋಪು ಕೊಡಿ” ಅಂದರು. ನಲ್ಲಿ ತಿರುಗಿಸಿದರು. ಮಗಳ ಬೆರಳನ್ನು ಹರಿಯುವ ನೀರಿಗೆ ಹಿಡಿದರು. ಸೋಪು ಹಚ್ಚಿ ಹಚ್ಚಿ ತೊಳೆದರು. ಹದಿನೈದು ನಿಮಿಷ ತೊಳೆಯಬೇಕು ಎಂದು ನಾವು ಕಲಿತಿದ್ದೆವು. ಗಡಿಯಾರ ಇಲ್ಲದವರಿಗೆ ಲೆಕ್ಕ ಹೀಗೆ: ಒಂದು ಎಸರಿನ ಮುದ್ದೆ ಬೇಯುವಷ್ಟು ಹೊತ್ತು. ಸೋಪು ಮತ್ತು ನೀರು ಗಾಯದಲ್ಲಿರುವ ಬಹಳಷ್ಟು ವೈರಸ್ಸನ್ನು ತೊಳೆದು ಹಾಕುತ್ತವೆ. ಇದು ಮನೆಯಲ್ಲೇ ಮಾಡಬಹುದಾದ ಮೊದಲ ಚಿಕಿತ್ಸೆ.

ಅಕ್ಕ ಗಾಯಕ್ಕೆ ಬಟ್ಟೆ ಬಿಗಿಯಲಿಲ್ಲ. ಏನೂ ಮೆತ್ತಲಿಲ್ಲ. ಕೂಲಿಗೆ ಹೋಗುವುದು ಬಿಟ್ಟು ಮೊದಲ ಬಸ್ಸಿಗೆ ಮಗಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ತೋಳಿಗೆ ಲಸಿಕೆ ಹಾಕಿದರು. ರಕ್ತ ಬಂದಿದ್ದರಿಂದ ಗಾಯದ ಒಳಗೂ ಸುತ್ತಲೂ ಇನ್ನೊಂದು ಔಷಧ ಕೊಟ್ಟರು. ದುಡ್ಡು ಕೇಳಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಲಸಿಕೆ ಉಚಿತ.

ಹತ್ತು ದಿನ

ಅಕ್ಕ ಮನೆಗೆ ಬರುವಷ್ಟರಲ್ಲಿ ಬೀದಿಯವರು ಸೇರಿದ್ದರು. “ಮರೀನ ದೂರ ಬಿಟ್ಟು ಬನ್ನಿ” ಅಂದರು ಒಬ್ಬರು. “ಹೊಡೆದು ಹಾಕಿ” ಅಂದರು ಇನ್ನೊಬ್ಬರು.

ಅಕ್ಕ ಒಪ್ಪಲಿಲ್ಲ. “ಡಾಕ್ಟ್ರು ಹೇಳವ್ರೆ. ಹತ್ತು ದಿನ ಇದನ್ನ ಕಣ್ಣಾರೆ ನೋಡ್ಬೇಕು” ಅಂದರು.

ಯಾಕೆ ಹತ್ತು ದಿನ? ಕಚ್ಚುವಾಗ ನಾಯಿಯ ಜೊಲ್ಲಿನಲ್ಲಿ ರೋಗ ಇದ್ದರೆ ಆ ನಾಯಿ ಹತ್ತು ದಿನದೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. ಹತ್ತು ದಿನ ಕಳೆದರೂ ಚೆನ್ನಾಗಿದ್ದರೆ, ಕಚ್ಚಿದಾಗ ಜೊಲ್ಲಿನಲ್ಲಿ ರೋಗ ಇರಲಿಲ್ಲ ಎಂದರ್ಥ. ಓಡಿಸಿಬಿಟ್ಟರೆ ಇದು ತಿಳಿಯುವುದೇ ಇಲ್ಲ. ಆದರೆ ಒಂದು ಮಾತು. ಹತ್ತು ದಿನ ಕಾದು ನೋಡಿ ಆಮೇಲೆ ಸೂಜಿ ಹಾಕಿಸೋಣ ಅನ್ನಬಾರದು. ಕಚ್ಚಿದ ದಿನವೇ ಸೂಜಿ ಶುರು ಮಾಡಬೇಕು. ಡಾಕ್ಟರು ಸಾಕು ಅನ್ನುವವರೆಗೂ ನಿಲ್ಲಿಸಬಾರದು.

ರೋಗ ಬಂದ ನಾಯಿ ಹೇಗಿರುತ್ತದೆ? ಜೊಲ್ಲು ಸುರಿಸುತ್ತದೆ. ನುಂಗಲಾರದು. ಬೊಗಳುವ ದನಿ ಬದಲಾಗುತ್ತದೆ. ಕಾರಣವಿಲ್ಲದೆ ಮೇಲೆ ಬೀಳಬಹುದು. ಇಲ್ಲವೆ ಕತ್ತಲ ಮೂಲೆಯಲ್ಲಿ ಸುಮ್ಮನೆ ಬಿದ್ದಿರಬಹುದು. ತೂರಾಡುತ್ತದೆ. ಇಂಥ ನಾಯಿಯ ಹತ್ತಿರ ಹೋಗಬಾರದು. ದನದ ಆಸ್ಪತ್ರೆಗೂ ಪಂಚಾಯಿತಿಗೂ ತಿಳಿಸಬೇಕು.

ಅಕ್ಕ ಮರಿಯನ್ನು ಕೊಟ್ಟಿಗೆಯಲ್ಲಿ ಬೇರೆ ಕಟ್ಟಿದರು. ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಅಂಕಿ ಬರೆದರು. 1, 2, 3... ದಿನವೂ ಸಂಜೆ ಜಗುಲಿಗೆ ಬಂದು ವರದಿ ಹೇಳಿದರು. “ಇವತ್ತು ಊಟ ಮಾಡ್ತು.” “ಇವತ್ತು ನೀರು ಕುಡೀತು.” “ಇವತ್ತು ನನ್ನ ಕಂಡು ಬಾಲ ಅಲ್ಲಾಡಿಸ್ತು.”

ಗೋಡೆಯ ಮೇಲೆ 10 ಬಂತು. ಮರಿ ಗಟ್ಟಿಮುಟ್ಟಾಗಿತ್ತು.

ಹನ್ನೊಂದನೇ ದಿನ

“ಹನ್ನೊಂದನೇ ದಿನ ಅಂದ್ರೆ ನಾಮಕರಣ ಅಲ್ವೇನ್ರವ್ವ!” ಅಂದರು ಅಜ್ಜಿ. ಎಲ್ಲರೂ ನಕ್ಕರು. ಅವತ್ತಿನ ಪಾಠ ಅದೇ ಆಯಿತು. ಒಬ್ಬೊಬ್ಬರು ಒಂದೊಂದು ಹೆಸರು ಸ್ಲೇಟಿನ ಮೇಲೆ ಬರೆದರು.

ಒಬ್ಬರು “ಟೈಗರ್” ಎಂದು ಬರೆದರು. ಒಬ್ಬರು “ರಾಣಿ” ಎಂದು ಬರೆದರು. ಡೈರಿ ಪಕ್ಕದ ಅತ್ತಿಗೆ “ಕೆಂಪಿ” ಎಂದು ಬರೆದರು. ಕೂಡಲೆ ಇನ್ನೊಬ್ಬರು, “ನಮ್ಮತ್ತೇನ ಊರೆಲ್ಲ ಕೆಂಪಿ ಅಂತಾನೇ ಕರೆಯೋದು. ಬೀದೀಲಿ ನಿಂತು ಕೆಂಪೀ ಅಂದ್ರೆ ಕೋಲು ಹಿಡ್ಕೊಂಡು ಬರ್ತಾರೆ!” ಅಂದರು. ಮತ್ತೆ ನಗು.

ಒಬ್ಬರು ಮಾತ್ರ, “ಎದುರುಮನೆಯವರ ಹೆಸರಿಡಿ. ಅವರಿಗೆ ಬುದ್ಧಿ ಬರ್ಲಿ” ಅಂದರು. ಇದು ಬೇಡ ಎಂದು ನಾವೆಲ್ಲ ಹೇಳಿದೆವು. ಸಿಟ್ಟಿಗೆ ಯಾರದೋ ಹೆಸರನ್ನು ನಾಯಿಗೆ ಇಟ್ಟರೆ ಜಗಳ ಬೆಳೆಯುತ್ತದೆ. ಜಾತಿ ಹಿಡಿದು, ಮೈಬಣ್ಣ ಹಿಡಿದು ಯಾರನ್ನೋ ನೋಯಿಸುವ ಹೆಸರೂ ಬೇಡ.

“ನಾಯಿಗೆ ಯಾಕವ್ವ ಹೆಸರು? ಕುರ್ ಕುರ್ ಅಂದ್ರೆ ಬರಲ್ವಾ?” ಅಂದರು ಅಜ್ಜಿ.

ಆಗ ನಾವು ಒಂದು ಕಲ್ಲಿನ ಕತೆ ಹೇಳಿದೆವು. ಇದು ಕಟ್ಟುಕತೆಯಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ಒಂದು ಶಾಸನದ ಕಲ್ಲು ಸಿಕ್ಕಿತು. ಕ್ರಿ.ಶ. 949-50ರ ಕಾಲದ್ದು. ಅಂದರೆ ಸಾವಿರ ವರ್ಷಕ್ಕೂ ಹಿಂದಿನದು. ಮಣಲೇರ ಎಂಬ ವೀರ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ದೊರೆ ಮೆಚ್ಚಿ, ಏನು ಬೇಕೋ ಕೇಳು ಅಂದ. ಮಣಲೇರ ಹೊನ್ನು ಕೇಳಲಿಲ್ಲ. ಒಂದು ಬೇಟೆನಾಯಿಯನ್ನು ಕೇಳಿದ. ಆ ನಾಯಿಯ ಹೆಸರು ಕಾಳಿ. ಮುಂದೆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ನಾಯಿ ಮತ್ತು ಹಂದಿ ಕಾದಾಡುವ ಚಿತ್ರ ಕೆತ್ತಿಸಿದರು. ಕನ್ನಡದಲ್ಲಿ ಅದರ ಹೆಸರು ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

“ಸಾವಿರ ವರ್ಷ ಆದ್ರೂ ನಾಯಿ ಹೆಸರು ಉಳಿದದಾ?” ಕೇಳಿದರು ಅಜ್ಜಿ.

ಉಳಿದಿದೆ. ಬರೆದಿದ್ದರಿಂದ ಉಳಿದಿದೆ.

ನಾಯಿಗೆ ಹೆಸರಿಡುವಾಗ ಇದನ್ನು ನೆನಪಿಡೋಣ. ಹೆಸರು ಚಿಕ್ಕದಿರಲಿ. ಎರಡು ಅಕ್ಷರ ಸಾಕು. ಮನೆಯವರೆಲ್ಲ ಒಂದೇ ಹೆಸರಿನಿಂದ ಕರೆಯಬೇಕು. ಊಟ ಹಾಕುವಾಗ, ಮೈ ಸವರುವಾಗ ಹೆಸರು ಹೇಳಬೇಕು. ಆಗ ಮರಿಗೆ ಹೆಸರೆಂದರೆ ಪ್ರೀತಿ ಎಂದು ತಿಳಿಯುತ್ತದೆ. ಹೊಡೆಯುವಾಗ ಹೆಸರು ಕೂಗಿದರೆ, ಕರೆದಾಗ ಅದು ಬರುವುದಿಲ್ಲ.

ಇಷ್ಟು ಹೊತ್ತೂ ಅಕ್ಕ ಸುಮ್ಮನೆ ಕೂತಿದ್ದರು. ಕೊನೆಗೆ ಸ್ಲೇಟು ತೆಗೆದುಕೊಂಡು ನಿಧಾನವಾಗಿ ಬರೆದರು. ರ ಬರೆದು ದೀರ್ಘ ಕೊಟ್ಟರು. ಗ ಬರೆದು ಗುಡಿಸು ಕೊಟ್ಟರು.

ರಾಗಿ.

“ಇದರ ಬಣ್ಣ ನೋಡಿ, ರಾಗಿ ಬಣ್ಣಾನೇ” ಅಂದರು.

“ಉಣ್ಣೋ ಅನ್ನದ ಹೆಸರು ನಾಯಿಗಾ?” ಅಂದರು ಅಜ್ಜಿ.

“ಅದೂ ರಾಗಿ ತಿಂದೇ ಬೆಳೆಯೋದು ಅಲ್ವಾ ಅಜ್ಜಿ? ಮುದ್ದೆ ಬೇಯೋಷ್ಟು ಹೊತ್ತು ತೊಳೀರಿ ಅಂದಿದ್ರಿ ಟೀಚರಮ್ಮ. ನನ್ನ ಮಗಳ ಬೆರಳನ್ನ ಅಷ್ಟು ಹೊತ್ತು ತೊಳೆದೆ. ನನ್ನ ತಮ್ಮನಿಗೆ ಹಂಗೆ ತೊಳೆಯೋರು ಯಾರೂ ಇರ್ಲಿಲ್ಲ” ಅಂದರು ಅಕ್ಕ.

ಯಾರೂ ಬೇರೆ ಹೆಸರು ಹೇಳಲಿಲ್ಲ.

ಕಾರ್ಡು

ಅಕ್ಕ ಕಾರ್ಡು ತೆಗೆದರು. “ನಾಯಿಯ ಹೆಸರು” ಎಂಬಲ್ಲಿ “ರಾಗಿ” ಎಂದು ಬರೆದರು. ಅದರ ಕೆಳಗೆ “ಸಾಕಿದವರ ಹೆಸರು” ಎಂದಿತ್ತು.

“ಇಲ್ಲಿ ಮನೆಯವರ ಹೆಸರು ಬರೀಬೇಕಾ?” ಎಂದು ಕೇಳಿದರು.

“ಸಾಕುವವರು ಯಾರು?” ಎಂದು ನಾವು ಕೇಳಿದೆವು.

ಅಕ್ಕ ನಕ್ಕರು. ತಮ್ಮ ಹೆಸರನ್ನೇ ಬರೆದರು. ಒತ್ತಕ್ಷರವೂ ತಪ್ಪಲಿಲ್ಲ.

ಮೂರು ತಿಂಗಳು ತುಂಬಿದಾಗ ರಾಗಿಗೆ ರೇಬೀಸ್ ಲಸಿಕೆ ಹಾಕಿಸಿದರು. ಮತ್ತೆ ಯಾವಾಗ ಬರಬೇಕೆಂದು ಡಾಕ್ಟರು ಕಾರ್ಡಿನಲ್ಲಿ ಬರೆದರು. ಅಕ್ಕ ಅದನ್ನು ತಾವೇ ಓದಿದರು. ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿದರು. ಅದಾದ ಮೇಲೆ ವರ್ಷಕ್ಕೊಂದು ಸಲ ಹಾಕಿಸಬೇಕು. ಮಗಳ ಸೂಜಿಗಳೂ ಮುಗಿದವು. ಹುಡುಗಿ ಆರಾಮಾಗಿದ್ದಾಳೆ.

ಈಗ ಸಂಜೆ ಏಳಕ್ಕೆ ಅಕ್ಕ ಜಗುಲಿಗೆ ಬಂದರೆ ರಾಗಿಯೂ ಹಿಂದೆ ಬರುತ್ತದೆ. ಪಾಠ ಮುಗಿಯುವ ತನಕ ಮೆಟ್ಟಿಲ ಮೇಲೆ ಮಲಗಿರುತ್ತದೆ.

ಅಕ್ಕಂದಿರೇ, ನಿಮ್ಮ ಮನೆಯಲ್ಲಿ ನಾಯಿ ಇದೆಯೇ? ಅದಕ್ಕೆ ಹೆಸರಿದೆಯೇ? ಕಾರ್ಡಿದೆಯೇ? ಹೆಸರಿಟ್ಟರೆ ಸಾಲದು, ಲಸಿಕೆಯನ್ನೂ ಹಾಕಿಸೋಣ.

ಅಭ್ಯಾಸ

ಅ) ಈ ಪದಗಳನ್ನು ಗಟ್ಟಿಯಾಗಿ ಓದಿ, ಎರಡು ಸಲ ಬರೆಯಿರಿ:
ಮರಿ, ರಾಗಿ, ಸೋಪು, ನೀರು, ಗಾಯ, ಲಸಿಕೆ, ಕಾರ್ಡು, ಡಾಕ್ಟರು, ಆಸ್ಪತ್ರೆ, ಹುಚ್ಚುನಾಯಿ

ಆ) ಉತ್ತರ ಹೇಳಿ:
1. ಅಕ್ಕ ಮರಿ ಬೇಡ ಎಂದದ್ದು ಯಾಕೆ?
2. ಮರಿ ಕಚ್ಚಿದಾಗ ಅಕ್ಕ ಮೊದಲು ಏನು ಮಾಡಿದರು?
3. ಮರಿಯನ್ನು ಹತ್ತು ದಿನ ನೋಡಿಕೊಂಡದ್ದು ಯಾಕೆ?
4. ಆತಕೂರಿನ ಕಲ್ಲಿನಲ್ಲಿ ಯಾವ ನಾಯಿಯ ಹೆಸರಿದೆ?

ಇ) ಸರಿಯೋ ತಪ್ಪೋ ಬರೆಯಿರಿ:
1. ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ ಹಚ್ಚಬೇಕು. ( )
2. ಮರಿ ಕಚ್ಚಿದರೂ ಆಸ್ಪತ್ರೆಗೆ ಹೋಗಬೇಕು. ( )
3. ಬಸುರಿಯರು ಈ ಲಸಿಕೆ ಹಾಕಿಸಿಕೊಳ್ಳಬಾರದು. ( )
4. ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆಯಬೇಕು. ( )

ಈ) ಕೂಡಿ ಮಾತಾಡಿ:
ಹೆಣ್ಣು ಮರಿಗಳನ್ನು ಜನ ಯಾಕೆ ಬಿಟ್ಟು ಹೋಗುತ್ತಾರೆ? ನಮ್ಮ ಬೀದಿಯ ನಾಯಿಗಳಿಗೆಲ್ಲ ಲಸಿಕೆ ಹಾಕಿಸಲು ನಾವು ಯಾರನ್ನು ಕೇಳಬೇಕು?

ಉ) ನಿಮ್ಮ ಮನೆಯ ನಾಯಿಗೆ ಈ ಕಾರ್ಡು ತುಂಬಿರಿ. ನಾಯಿ ಇಲ್ಲದಿದ್ದರೆ ನಿಮಗಿಷ್ಟವಾದ ಹೆಸರೊಂದನ್ನು ಬರೆಯಿರಿ.

ನಾಯಿಯ ಹೆಸರು: ...............
ಗಂಡು / ಹೆಣ್ಣು: ...............
ಬಣ್ಣ: ...............
ಲಸಿಕೆ ಹಾಕಿಸಿದ ದಿನ: ...............
ಮುಂದಿನ ಲಸಿಕೆಯ ದಿನ: ...............
ಸಾಕಿದವರ ಹೆಸರು (ನಿಮ್ಮ ಹೆಸರು): ...............